ನನ್ನ 1968ರ ಶೆವೆಲ್‌ಗೆ ಡಿಸ್ಕ್ ಬ್ರೇಕ್, ಹೊಸ ಸ್ಟಿಯರಿಂಗ್

ಆಗಸ್ಟ್ ತಿಂಗಳ ಒಂದು ಸಂಜೆ, ಡೆಟ್ರಾಯ್ಟ್‌ನ ವುಡ್‌ವರ್ಡ್ ಅವೆನ್ಯೂ. ಮಳೆ ಆಗಷ್ಟೇ ನಿಂತಿತ್ತು. ಸಿಗ್ನಲ್ ಕೆಂಪಾಯಿತೆಂದು ಬ್ರೇಕ್ ತುಳಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಎಡಗಡೆ ಚಕ್ರ ಮಾತ್ರ ಹಿಡಿದು ಕಾರು ಪಕ್ಕದ ಲೇನಿಗೆ ನುಗ್ಗಿತು. ಅಲ್ಲಿ ಯಾರೂ ಇರಲಿಲ್ಲ, ನಮ್ಮ ಪುಣ್ಯ. ಪಕ್ಕದ ಸೀಟಿನಲ್ಲಿ ಮಗಳಿದ್ದಳು. ಮನೆಗೆ ಬಂದು ಕಾರಿನ ಕೀಲಿ ಮೊಳೆಗೆ ನೇತುಹಾಕಿದವನು ಮುಂದಿನ ವಸಂತದವರೆಗೂ ಅದನ್ನು ರಸ್ತೆಗೆ ಇಳಿಸಲಿಲ್ಲ. ಮಿಶಿಗನ್‌ನ ಆ ಚಳಿಗಾಲದಲ್ಲಿ ಗರಾಜ್‌ನಲ್ಲಿ ಮಾಡಿದ ಕೆಲಸ ಇದು.

ಕಾರು ಶೆವರ್ಲೆ ಕಂಪನಿಯ ಶೆವೆಲ್ ಮಾಲಿಬು, ಎರಡು ಬಾಗಿಲಿನದು. ಹಿಂದಿನ ಮಾಲೀಕರು ಅದಕ್ಕೆ 350 ಘನ ಇಂಚಿನ ಎಂಜಿನ್ ಕೂರಿಸಿದ್ದರು. ಬ್ರೇಕ್ ಮಾತ್ರ ಕಾರ್ಖಾನೆಯದೇ, ನಾಲ್ಕೂ ಕಡೆ 9.5 ಇಂಚಿನ ಡ್ರಮ್, ಅಂದರೆ ಚಕ್ರದ ಜತೆ ತಿರುಗುವ ಡಬ್ಬಿಯ ಒಳಮೈಗೆ ಶೂ ಎಂಬ ಪಟ್ಟಿಗಳು ಒತ್ತಿ ಹಿಡಿಯುವ ಬ್ರೇಕ್. ಅದೇ ವರ್ಷದ ಎಸ್‌ಎಸ್ 396, ಶೆವೆಲ್‌ನದೇ 325 ಅಶ್ವಶಕ್ತಿಯ ಮಾದರಿ, ಅದಕ್ಕೂ ಮಾಮೂಲಿಯಾಗಿ ಬರುತ್ತಿದ್ದದ್ದು ಡ್ರಮ್ಮೇ. ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಡಿಸ್ಕ್ ಬೇಕೆಂದರೆ ಬೇರೆ ದುಡ್ಡು ಕೊಡಬೇಕಿತ್ತು. ಇಂಥ ಕಾರು ಕೊಂಡವರೆಲ್ಲ ಮೊದಲು ಎಂಜಿನ್‌ಗೆ ಕೈಹಾಕುತ್ತಾರೆ. ನಾನೂ ಹಾಗೇ ಮಾಡಿದ್ದೆ. ಅದು ತಪ್ಪು.

ಡ್ರಮ್ ಬಿಸಿಯಾದರೆ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಒಳಗೆ ನೀರು ಹೊಕ್ಕರೆ ಒಣಗುವವರೆಗೂ ಹಿಡಿಯುವುದಿಲ್ಲ. ಆದರೆ ಅದಕ್ಕೊಂದು ಒಳ್ಳೆಯ ಗುಣವೂ ಇದೆ. ತಿರುಗುವ ಡ್ರಮ್ ಶೂವನ್ನು ತನ್ನ ಕಡೆಗೇ ಎಳೆದುಕೊಳ್ಳುವುದರಿಂದ ಕಾಲಿನ ಬಲ ಕಡಿಮೆ ಸಾಕು. ಡಿಸ್ಕ್‌ನಲ್ಲಿ ಆ ಸಹಾಯ ಇಲ್ಲ, ಅದಕ್ಕೇ ಕಾಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್ ಬೇಕು. ಬೂಸ್ಟರ್ ಹಾಕಿದ ಮೇಲೆ ಅದರ ರಾಡನ್ನು ಪೆಡಲ್‌ನ ಕೆಳಗಿನ ತೂತಿಗೆ ಸಿಕ್ಕಿಸಬೇಕು. ಮೇಲಿನ ತೂತು ಬೂಸ್ಟರ್ ಇಲ್ಲದ ಕಾರಿಗೆ.

ಮುಂಚಕ್ರಗಳಿಗೆ 11 ಇಂಚಿನ ರೋಟರ್ (ಡಿಸ್ಕಿನ ತಟ್ಟೆ), ಅದನ್ನು ಅದುಮುವ ಒಂದೇ ಪಿಸ್ಟನ್ನಿನ ಕ್ಯಾಲಿಪರ್, ಚಕ್ರ ಕೂರುವ ಹೊಸ ಸ್ಪಿಂಡಲ್ ತರಿಸಿದೆ. ಹಳೆಯ ಡ್ರಮ್ ಬಿಚ್ಚುವವರಿಗೆ ಒಂದು ಮಾತು: ಒಳಗಿನ ಧೂಳನ್ನು ಗಾಳಿ ಹೊಡೆದು ಊದಬೇಡಿ. ಆ ಕಾಲದ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಉಸಿರಿನೊಳಗೆ ಹೋದರೆ ಅಪಾಯ. ಒದ್ದೆ ಮಾಡಿ ಒರೆಸಿ ತೆಗೆಯಿರಿ. ಸ್ಪಿಂಡಲ್ ಬಿಚ್ಚುವ ಮೊದಲು ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್‌ಗೆ ಜ್ಯಾಕ್ ಕೊಟ್ಟು, ಕಾಯಿಲ್ ಸ್ಪ್ರಿಂಗಿಗೆ ಸರಪಳಿ ಕಟ್ಟಿ. ಸ್ಪ್ರಿಂಗ್ ಹಾರಿದರೆ ಪ್ರಾಣಕ್ಕೇ ಕುತ್ತು.

ಇಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಬ್ರೇಕ್ ದ್ರವದ ಹಳೆಯ ಉಕ್ಕಿನ ಪೈಪುಗಳೆಲ್ಲ ತುಕ್ಕು ಹಿಡಿದಿದ್ದವು. ತಾಮ್ರ-ನಿಕಲ್ ಪೈಪು ಹಾಕಿದೆ, ಕೈಯಲ್ಲೇ ಬಗ್ಗುತ್ತದೆ. ಪೆಡಲ್ ತುಳಿದಾಗ ದ್ರವವನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್, ಒತ್ತಡ ಹಂಚುವ ವಾಲ್ವ್ ಎರಡೂ ಡಿಸ್ಕ್-ಡ್ರಮ್ ಜೋಡಿಯವೇ ಆಗಿರಬೇಕು. ಹಿಂದಿನ ಡ್ರಮ್‌ಗೆ ಹೋಗುವ ಒತ್ತಡವನ್ನು ವಾಲ್ವ್ ತಡೆಯದಿದ್ದರೆ ಜೋರಾಗಿ ತುಳಿದಾಗ ಹಿಂದಿನ ಚಕ್ರ ಮೊದಲು ಕಚ್ಚಿ ಕಾರು ಗಿರಕಿ ಹೊಡೆಯುತ್ತದೆ.

ಎಲ್ಲ ಜೋಡಿಸಿ ಪೈಪುಗಳೊಳಗಿನ ಗಾಳಿ ತೆಗೆದರೂ ಪೆಡಲ್ ಮಾತ್ರ ಸ್ಪಂಜಿನ ಹಾಗೆ ಮೆತ್ತಗೆ. ಎರಡು ಸಂಜೆ ಹಾಳಾದವು. ಮೂರನೆಯ ದಿನ ಟಾರ್ಚ್ ಹಿಡಿದು ನೋಡಿದರೆ ಕ್ಯಾಲಿಪರ್‌ನ ಗಾಳಿ ಹೊರಬಿಡುವ ಸ್ಕ್ರೂ, ಅಂದರೆ ಬ್ಲೀಡರ್, ಕೆಳಗಿದೆ! ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದೆ. ಗಾಳಿ ಮೇಲೆ ನಿಲ್ಲುತ್ತದೆ, ಬ್ಲೀಡರ್ ಕೆಳಗಿದ್ದರೆ ಎಷ್ಟು ತುಳಿದರೂ ಹೊರಗೆ ಬರುವುದಿಲ್ಲ. ಅದಲು ಬದಲು ಮಾಡಿದ ಕೂಡಲೇ ಪೆಡಲ್ ಗಟ್ಟಿಯಾಯಿತು.

ಅದಕ್ಕಿಂತ ಹೆಚ್ಚು ಕಾಡಿದ್ದು ಬೂಸ್ಟರ್‌ನಿಂದ ಮಾಸ್ಟರ್ ಸಿಲಿಂಡರ್‌ಗೆ ಹೋಗುವ ಪುಶ್‌ರಾಡ್. ಮೊದಲ ಸವಾರಿಯಲ್ಲಿ ಮೂರು ಮೈಲಿ ಹೋಗುವಷ್ಟರಲ್ಲಿ ಕಾರು ಭಾರವಾಯಿತು. ನಿಲ್ಲಿಸಿ ಇಳಿದರೆ ಮುಂಚಕ್ರಗಳಿಂದ ಸುಟ್ಟ ವಾಸನೆ, ರಿಮ್ಮಿನ ಹತ್ತಿರ ಕೈ ಒಯ್ಯಲಾಗದಷ್ಟು ಕಾವು. ಹಾಗೇ ನಿಲ್ಲಿಸಿ, ಜ್ಯಾಕ್ ಹಾಕಿ, ಚಕ್ರ ತಿರುಗಿಸಲು ನೋಡಿದೆ. ಅಲುಗಲಿಲ್ಲ. ಆಗ ಮಾಸ್ಟರ್ ಸಿಲಿಂಡರ್‌ನ ಎರಡು ನಟ್‌ಗಳನ್ನು ಸ್ವಲ್ಪವೇ ಸಡಿಲಿಸಿ, ಅದನ್ನು ಬೂಸ್ಟರ್‌ನಿಂದ ಕೂದಲೆಳೆಯಷ್ಟು ಮುಂದಕ್ಕೆ ಸರಿಸಿದೆ. ಚಕ್ರ ಸಲೀಸಾಗಿ ತಿರುಗಿತು. ರೋಗ ಎಲ್ಲಿದೆಯೆಂದು ಗೊತ್ತಾಯಿತು. ರಾಡ್ ಉದ್ದವಾಗಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ದ್ರವ ಹಿಂದಿರುಗಬೇಕಾದ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ, ಕಾವಿಗೆ ದ್ರವ ಹಿಗ್ಗಿ ಬ್ರೇಕ್ ತಾನಾಗಿಯೇ ಬಿಗಿಯುತ್ತಾ ಹೋಗುತ್ತದೆ.

ರಾಡಿಗೂ ಪಿಸ್ಟನ್ನಿಗೂ ನಡುವೆ ಬೇಕಾದ ಸಂದು ಇಂಚಿನ ಸಾವಿರದಲ್ಲಿ ಸುಮಾರು 20 ಪಾಲು. ಅಳೆಯುವುದು ಹೇಗೆ? ಒಳಗಡೆ ಕಾಣಿಸುವುದೇ ಇಲ್ಲವಲ್ಲ. ಮಗಳು ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಚಿಕ್ಕ ಉಂಡೆ ತಂದಳು. ಅದನ್ನು ರಾಡಿನ ತುದಿಗೆ ಅಂಟಿಸಿ, ಸಿಲಿಂಡರ್ ಕೂರಿಸಿ ನಟ್ ಬಿಗಿದು, ಮತ್ತೆ ಬಿಚ್ಚಿದೆ. ಹಿಟ್ಟು ಪೂರ್ತಿ ಹಿಂಡಿಹೋಗಿ ತುದಿಯ ಲೋಹ ಹೊಳೆಯುತ್ತಿತ್ತು, ಅಂದರೆ ಸಂದೇ ಇಲ್ಲ. ರಾಡಿನ ಸ್ಕ್ರೂವನ್ನು ಅರ್ಧ ಸುತ್ತು ಒಳಗೆ ತಿರುಗಿಸಿದೆ, ಮತ್ತೆ ಹಿಟ್ಟು, ಮತ್ತೆ ನಟ್. ನಾಲ್ಕನೆಯ ಸಲಕ್ಕೆ ತೆಳ್ಳನೆಯ ಹಪ್ಪಳದಂಥ ಪದರ ಉಳಿಯಿತು. ಆಮೇಲೆ ಹಿಟ್ಟಿನ ಒಂದು ಕಣವೂ ಉಳಿಯದಂತೆ ಒರೆಸಿದೆ. ಅಂದಿನಿಂದ ಇಂದಿನವರೆಗೆ ಬ್ರೇಕ್ ಒಮ್ಮೆಯೂ ತಾನಾಗಿ ಬಿಗಿದುಕೊಂಡಿಲ್ಲ.

ಇನ್ನು ಸ್ಟಿಯರಿಂಗ್. ಸ್ಟಿಯರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಹಳೆಯ ಗೇರ್ ಬಾಕ್ಸಿನ ಅನುಪಾತ 17.5:1. ನಡುವೆ ಎರಡು ಬೆರಳಷ್ಟು ಆಟ, ಕೆಳಗೆ ಸದಾ ಎಣ್ಣೆಯ ಕಲೆ. ಅದನ್ನು ಮಾಡಿದ್ದು ನಮ್ಮೂರಿನಿಂದ ಉತ್ತರಕ್ಕಿರುವ ಸ್ಯಾಗಿನಾದಲ್ಲಿ. 1990ರ ದಶಕದ ಜೀಪ್ ಗ್ರ್ಯಾಂಡ್ ಚೆರೊಕಿಯ ಬಾಕ್ಸ್ ಕೂಡ ಅದೇ ವಂಶದ್ದು, ಅನುಪಾತ 12.7:1, ಅಂದರೆ ಕೈ ಕಡಿಮೆ ತಿರುಗಿಸಿದರೆ ಸಾಕು. ಗುಜರಿಯಲ್ಲಿ ಸಿಕ್ಕ ಒಂದನ್ನು ಸೀಲ್ ಬದಲಿಸಿ ಹಾಕಿದೆ. ಬೋಲ್ಟ್ ತೂತುಗಳು ಸರಿಹೊಂದುತ್ತವೆ. ಆದರೆ ಎಣ್ಣೆಯ ಹೋಸ್‌ಗಳಿಗೆ ಅಡಾಪ್ಟರ್ ಬೇಕು, ಕಾಲಮ್ಮಿಗೆ ಸೇರುವ ರಬ್ಬರ್ ಜೋಡಣೆಯೂ ಬೇರೆ, ಏಕೆಂದರೆ ಶಾಫ್ಟಿನ ಹಲ್ಲುಗಳು ಹೊಂದುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಹೆದ್ದಾರಿಯಲ್ಲಿ ಕಾರು ಅಲೆಯುತ್ತಿತ್ತು. ಅಲೈನ್‌ಮೆಂಟ್ ಮಾಡಿಕೊಟ್ಟವರು 1968ರ ಪುಸ್ತಕದ ಅಂಕಿಗಳನ್ನೇ ಇಟ್ಟಿದ್ದರು. ಆಗಿನ ಟೈರು ಬಯಾಸ್-ಪ್ಲೈ (ದಾರದ ಪದರಗಳು ಓರೆಯಾಗಿರುವ ಹಳೆಯ ಬಗೆ), ಅದಕ್ಕೆ ಕ್ಯಾಸ್ಟರ್ ಎಂಬ ಕೋನ ಸೊನ್ನೆಯ ಆಸುಪಾಸು ಇದ್ದರೆ ನಡೆಯುತ್ತಿತ್ತು. ಈಗಿನ ರೇಡಿಯಲ್ ಟೈರಿಗೆ ಅದು ಸಾಲದು. ಸೈಕಲ್ಲಿನ ಫೋರ್ಕ್ ಓರೆಯಾಗಿರುವುದನ್ನು ನೋಡಿದ್ದೀರಲ್ಲ, ಕೈಬಿಟ್ಟರೂ ಸೈಕಲ್ ನೇರ ಹೋಗುವುದಕ್ಕೆ ಅದೂ ಒಂದು ಕಾರಣ. ಕ್ಯಾಸ್ಟರ್ ಅಂದರೆ ಅದೇ ಓರೆ. ಮೇಲಿನ ಬಾಲ್ ಜಾಯಿಂಟ್ (ಸ್ಪಿಂಡಲ್ ಸೇರುವ ಗುಂಡು ಕೀಲು) ಹಿಂದಕ್ಕೆ ಸರಿಯುವಂಥ ಹೊಸ ಆರ್ಮ್ ಹಾಕಿ, ಶಿಮ್ (ತೆಳು ಲೋಹದ ತುಂಡು) ಹೊಂದಿಸಿ, ಕ್ಯಾಸ್ಟರ್ ಧನ 4 ಡಿಗ್ರಿ, ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಋಣ ಅರ್ಧ ಡಿಗ್ರಿ, ಟೋ-ಇನ್ (ಮುಂಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವುದು) ಒಟ್ಟು 1/8 ಇಂಚು ಇಡಿಸಿದೆ. ತಿರುವಿನಿಂದ ಹೊರಬಂದಾಗ ಸ್ಟಿಯರಿಂಗ್ ಚಕ್ರ ಕೈಯಲ್ಲೇ ಜಾರಿ ತಾನಾಗಿ ನೇರವಾಯಿತು. ಆ ಒಂದು ಕ್ಷಣಕ್ಕೆ ಇಡೀ ಚಳಿಗಾಲದ ದಣಿವು ಇಳಿಯಿತು. ಖರ್ಚು ಮಾಡಿದ ದುಡ್ಡಿಗೆ ಅತಿ ಹೆಚ್ಚು ಬದಲಾವಣೆ ಕೊಟ್ಟದ್ದು ಇದೇ.

ಹಿಂಚಕ್ರಗಳ ಡ್ರಮ್‌ಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ. ಬ್ರೇಕ್ ತುಳಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಹಿಂದೆ ಅಷ್ಟು ಸಾಕು, ಪಾರ್ಕಿಂಗ್ ಬ್ರೇಕಿಗೂ ಅದೇ ಸರಳ. ಹಳೆಯ 14 ಇಂಚಿನ ಚಕ್ರಗಳು ಹೊಸ ಕ್ಯಾಲಿಪರ್‌ಗೆ ತಾಗಿದವು. ಈಗ 15 ಇಂಚಿನವು ಇವೆ, ಹಳೆಯವನ್ನು ಗರಾಜ್‌ನ ಅಟ್ಟದ ಮೇಲೆ ಇಟ್ಟಿದ್ದೇನೆ.