ಹುಣಸೆ ಬೀಜದಿಂದ ಶುರುವಾಗುವ ಪಾಠ: ಮುಂದೆ ಶಿಕ್ಷಕರಾಗುವವರ ಜೊತೆ ನನ್ನ ಅನುಭವ

ಪ್ರಾಥಮಿಕ ಶಾಲೆಯ ಶಿಕ್ಷಕರಾಗಲು ಡಿ.ಎಲ್.ಇಡಿ ಓದುವ ನನ್ನ ವಿದ್ಯಾರ್ಥಿಗಳಿಗೆ, ಮಗುವಿನ ಬುದ್ಧಿ ಬೆಳೆಯುವ ಬಗ್ಗೆ ಮನೋವಿಜ್ಞಾನಿ ಪಿಯಾಜೆ ಹೇಳಿದ ನಾಲ್ಕು ಹಂತಗಳು ಬಾಯಿಪಾಠ. 0-2 ವರ್ಷ, 2-7, 7-11, ಆಮೇಲೆ 11ರಿಂದ ಮುಂದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಕಾರಣ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಆ ಪರೀಕ್ಷೆಯ 150 ಪ್ರಶ್ನೆಗಳಲ್ಲಿ 30 ಪ್ರಶ್ನೆ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರದ ಮೇಲೆ ಬರುತ್ತವೆ. ಗೈಡ್ ಓದಿದರೆ ಅಂಕ ಸಿಗುತ್ತದೆ. ಆದರೆ ಒಂದನೇ ತರಗತಿಯ ಮಗು ಎದುರಿಗೆ ಬಂದು ಕೂತಾಗ ಆ ಅಂಕಿಗಳನ್ನು ಹಿಡಿದುಕೊಂಡು ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ನಾನು ಕ್ರಮ ಬದಲಾಯಿಸಿದೆ. ಮೊದಲು ಮಗು, ಆಮೇಲೆ ಪುಸ್ತಕ.

ನಾನಿರುವುದು ವಿಜಯಪುರ ಜಿಲ್ಲೆಯಲ್ಲಿ. ಪಿಯಾಜೆಯ ಹೆಸರು ಎತ್ತುವ ಮೊದಲೇ ವಿದ್ಯಾರ್ಥಿಗಳ ಕೈಗೆ ಒಂದು ಹಿಡಿ ಹುಣಸೆ ಬೀಜ ಕೊಟ್ಟು ಹತ್ತಿರದ ಸರ್ಕಾರಿ ಶಾಲೆಗೆ ಕಳಿಸುತ್ತೇನೆ. ಕೆಲಸ ಸುಲಭ. ಮಗುವಿನ ಮುಂದೆ ಆರಾರು ಬೀಜಗಳ ಎರಡು ಸಾಲು ಇಡಬೇಕು. ಎರಡೂ ಸಾಲು ಸಮ ಇದೆಯಾ ಅಂತ ಕೇಳಬೇಕು. ಮಗು ಸಮ ಅಂದ ಮೇಲೆ ಒಂದು ಸಾಲಿನ ಬೀಜಗಳನ್ನು ದೂರ ದೂರ ಸರಿಸಿ, ಈಗ ಯಾವುದರಲ್ಲಿ ಜಾಸ್ತಿ ಅಂತ ಕೇಳಬೇಕು.

ಐದಾರು ವರ್ಷದ ಬಹಳ ಮಕ್ಕಳು ಉದ್ದ ಸಾಲನ್ನೇ ತೋರಿಸುತ್ತಾರೆ. "ಯಾಕ?" ಅಂದರೆ, "ಇದು ಉದ್ದ ಐತಲ್ರಿ ಟೀಚರ್" ಅನ್ನುತ್ತಾರೆ. ಎಣಿಸಲು ಬರುವ ಮಗುವೂ ಹಾಗೇ ಹೇಳುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಇದು ನಿಜಕ್ಕೂ ಆಶ್ಚರ್ಯ. ಪರೀಕ್ಷೆಯಲ್ಲಿ 'ಸಂರಕ್ಷಣೆ' (ಜೋಡಿಸಿದ ರೀತಿ ಬದಲಾದರೂ ಸಂಖ್ಯೆ ಬದಲಾಗದು ಅನ್ನುವ ಅರಿವು) ಅಂತ ಬರೆದು ಅಂಕ ತೆಗೆದವರೇ, ಮಗುವಿಗೆ ಅದು ಇನ್ನೂ ಬಂದಿಲ್ಲದ್ದನ್ನು ಕಣ್ಣಾರೆ ನೋಡಿ ಓಡಿಬಂದು ನನಗೆ ಹೇಳುತ್ತಾರೆ.

ನಾನು ಕಾಯುವುದು ಅದರ ನಂತರದ ಮಾತಿಗೆ. ಯಾರಾದರೊಬ್ಬರು ಹೀಗೆ ಹೇಳೇ ಹೇಳುತ್ತಾರೆ: "ಮೇಡಂ, ಒಬ್ಬ ಹುಡುಗ ಮೊದಲು ಸರಿ ಉತ್ತರ ಹೇಳಿದ. ಖಾತ್ರಿ ಮಾಡಿಕೊಳ್ಳೋಣ ಅಂತ ಇನ್ನೊಮ್ಮೆ ಕೇಳಿದೆ. ಉತ್ತರ ಬದಲಾಯಿಸಿಬಿಟ್ಟ."

ಯಾಕೆ ಬದಲಾಯಿಸಿದ? ಅವನ ತರಗತಿಯಲ್ಲಿ ಟೀಚರ್ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ ಮೊದಲ ಉತ್ತರ ತಪ್ಪು ಅಂತ ಅರ್ಥ. ಅವನು ಅದನ್ನು ಚೆನ್ನಾಗಿ ಕಲಿತಿದ್ದಾನೆ. ಬೀಜ ನೋಡುವುದನ್ನು ಬಿಟ್ಟು ಮುಖ ನೋಡಿ ಉತ್ತರ ಕೊಟ್ಟಿದ್ದಾನೆ. 1970ರ ದಶಕದಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ ಇದೇ ಪ್ರಯೋಗವನ್ನು ಸ್ವಲ್ಪ ತಿರುಗಿಸಿ ಮಾಡಿದರು. ಸಾಲನ್ನು ದೊಡ್ಡವರು ಸರಿಸಲಿಲ್ಲ. ಒಂದು ತುಂಟ ಕರಡಿ ಗೊಂಬೆ ಬಂದು ಕೆಡಿಸಿದ ಹಾಗೆ ಮಾಡಿದರು. ಆಗ ಸರಿ ಉತ್ತರ ಕೊಟ್ಟ ಮಕ್ಕಳು ಎಷ್ಟೋ ಜಾಸ್ತಿ. ನಾವು ಬಟ್ಟೆ ಗೊಂಬೆ ಇಟ್ಟುಕೊಂಡು ಮಾಡುತ್ತೇವೆ. ಗೊಂಬೆ ಬಂದರೆ ಮಕ್ಕಳು ನಗುತ್ತಾರೆ, ಭಯ ಬಿಡುತ್ತಾರೆ, ಬೀಜದ ಕಡೆ ನೋಡುತ್ತಾರೆ.

ಇಷ್ಟಕ್ಕೇ ಪಿಯಾಜೆ ತಪ್ಪು ಅಂತ ನಾನು ಹೇಳುವುದಿಲ್ಲ. ಗೊಂಬೆ ಬಂದರೂ ಉದ್ದ ಸಾಲನ್ನೇ ತೋರಿಸುವ ಮಕ್ಕಳು ಇರುತ್ತಾರೆ. ಆದರೆ ಮಗುವಿನ ಬುದ್ಧಿ ಎಷ್ಟು ಬೆಳೆದಿದೆ ಅಂತ ಅಳೆಯಲು ಹೊರಟಾಗ ತರಗತಿಯ ವಾತಾವರಣವೂ ಅದರೊಳಗೆ ಬಂದು ಕೂರುತ್ತದೆ. ಪಠ್ಯಕ್ರಮದಲ್ಲಿ ಇವೆರಡೂ ಬೇರೆ ಬೇರೆ ಘಟಕಗಳು. ಶಾಲೆಯಲ್ಲಿ ಒಂದೇ.

ಹಾಗಾದರೆ ವಾತಾವರಣವನ್ನು ನೋಡುವುದು ಹೇಗೆ? "ಆತ್ಮೀಯ ವಾತಾವರಣ ಇತ್ತು" ಅಂತ ಅವಲೋಕನ ಪುಸ್ತಕದಲ್ಲಿ ಎಲ್ಲರೂ ಬರೆಯುತ್ತಾರೆ. ಆ ಸಾಲನ್ನು ನಾನು ಒಪ್ಪುವುದಿಲ್ಲ. ಏನು ಕಂಡಿತು ಅಂತ ಬರೆಯಬೇಕು.

ಇದಕ್ಕೆ ನಮಗೆ ಕೈಹಿಡಿದದ್ದು ಶಿಕ್ಷಣ ಸಂಶೋಧಕ ಫ್ಲ್ಯಾಂಡರ್ಸ್‌ನ ಹಳೆಯ ಪಟ್ಟಿ. ಪಠ್ಯಪುಸ್ತಕದಲ್ಲಿ ಸತ್ತಂತೆ ಬಿದ್ದಿರುವ ವಿಷಯ, ಬಳಸಿದರೆ ಮಾತ್ರ ಜೀವ ಬರುತ್ತದೆ. ತರಗತಿಯ ಮಾತನ್ನು ಅವರು 10 ಬಗೆಯಾಗಿ ವಿಂಗಡಿಸಿದ್ದಾರೆ. ಮೊದಲ 7 ಶಿಕ್ಷಕರ ಮಾತು. 8 ಮತ್ತು 9 ಮಕ್ಕಳದ್ದು. 10 ಅಂದರೆ ಮೌನ ಅಥವಾ ಗದ್ದಲ. ಹಿಂದೆ ಕೂತವರು 3 ಸೆಕೆಂಡಿಗೊಮ್ಮೆ ಆಗ ನಡೆಯುತ್ತಿರುವುದರ ಸಂಖ್ಯೆ ಬರೆಯುತ್ತಾ ಹೋಗಬೇಕು. ನಾನು ವಿದ್ಯಾರ್ಥಿಗಳನ್ನು ಜೋಡಿ ಮಾಡುತ್ತೇನೆ. ಒಬ್ಬರು ಪಾಠ ಮಾಡಿದರೆ ಇನ್ನೊಬ್ಬರು ಬರೆಯುತ್ತಾರೆ. ಹತ್ತು ನಿಮಿಷ ಬರೆದರೆ 200 ಸಂಖ್ಯೆಗಳಾಗುತ್ತವೆ, ಕೈ ನೋಯುತ್ತದೆ. ಪಾಠ ಮುಗಿದ ಮೇಲೆ ಇಬ್ಬರೂ ಕೂತು ನೋಡುತ್ತಾರೆ. ಸಾಮಾನ್ಯವಾಗಿ ಎಲ್ಲ ಕಡೆ 5 ಮತ್ತು 4. ಅಂದರೆ ವಿವರಣೆ, ಪ್ರಶ್ನೆ, ಮತ್ತೆ ವಿವರಣೆ.

ನಾನು ಮೊದಲು ಹುಡುಕುವುದು 3 ಮತ್ತು 9. ಮಗು ಹೇಳಿದ ವಿಚಾರವನ್ನು ಶಿಕ್ಷಕರು ಎತ್ತಿಕೊಂಡು ಮುಂದೆ ಬೆಳೆಸಿದರೆ ಅದು 3. ಮಗು ತಾನಾಗಿಯೇ ಏನಾದರೂ ಕೇಳಿದರೆ, ಹೇಳಿದರೆ 9. ಇವೆರಡೂ ಕೂಡಿಯೇ ಬರುತ್ತವೆ. 3 ಇಲ್ಲದ ಕಡೆ ಕೆಲವು ದಿನಗಳಲ್ಲೇ 9 ಬತ್ತಿಹೋಗುತ್ತದೆ. ಹಾಗಂತ ಒಂದು ಪಾಠದ ಹಾಳೆ ಹಿಡಿದು ಯಾರ ಮೇಲೂ ತೀರ್ಪು ಕೊಡುವುದಿಲ್ಲ. ಇಂಟರ್ನ್‌ಶಿಪ್ಪಿನ ಮೊದಲ ವಾರದ ಹಾಳೆಯನ್ನು ಕೊನೆಯ ವಾರದ ಹಾಳೆಯ ಪಕ್ಕ ಇಟ್ಟು ಅವರೇ ನೋಡಿಕೊಳ್ಳಲಿ ಅನ್ನುತ್ತೇನೆ.

10ರ ವಿಷಯದಲ್ಲಿ ನಾವೊಂದು ಬದಲಾವಣೆ ಮಾಡಿಕೊಂಡಿದ್ದೇವೆ. ಯೋಚನೆ ಮಾಡುವ ಮೌನ, ಹೆದರಿದ ಮೌನ, ಗದ್ದಲ ಮೂರೂ ಅದರಲ್ಲೇ ಸೇರಿಬಿಡುತ್ತವೆ. ಅದಕ್ಕೆ ಶಿಕ್ಷಕರು ಪ್ರಶ್ನೆ ಕೇಳಿ ಸುಮ್ನೆ ಕಾದರೆ ಆ 10ಕ್ಕೆ ಒಂದು ಸುತ್ತು ಹಾಕುತ್ತೇವೆ. ಮೊದಲ ವಾರದ ಹಾಳೆಯಲ್ಲಿ ಸುತ್ತು ಸಿಗುವುದೇ ಅಪರೂಪ. ಪ್ರಶ್ನೆ ಕೇಳಿದ ಕೂಡಲೇ ಇನ್ನೊಬ್ಬರ ಹೆಸರು ಕರೆಯುತ್ತಾರೆ, ಇಲ್ಲವೇ ತಾವೇ ಉತ್ತರ ಹೇಳುತ್ತಾರೆ. ಅಮೆರಿಕದ ಮೇರಿ ಬಡ್ ರೋವ್ 1970ರ ದಶಕದಲ್ಲಿ ಇದನ್ನೇ ಕಂಡರು. ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರವೇ ಬರದಿರುವುದು ಕಡಿಮೆಯಾಗುತ್ತದೆ. ಹೊಸ ಶಿಕ್ಷಕರಿಗೆ ಆ 3 ಸೆಕೆಂಡ್ ಭಾಳ ಕಷ್ಟ. ಪಾಠ ನಿಂತುಹೋಯಿತು ಅಂತ ಅನಿಸುತ್ತದೆ. ಮನಸ್ಸಿನಲ್ಲೇ ನಿಧಾನವಾಗಿ ಎಣಿಸಿ ಅಂತ ಹೇಳಿಕೊಡುತ್ತೇನೆ.

ವಾತಾವರಣಕ್ಕೆ ಇನ್ನೊಂದು ಗುರುತು ಇದೆ. ಪಾಠದ ನಡುವೆ ಮಕ್ಕಳಿಗೆ ಕೆಲಸ ಕೊಟ್ಟಿರುವಾಗ ಪಾಠ ಮಾಡುತ್ತಿರುವ ನನ್ನ ವಿದ್ಯಾರ್ಥಿಯನ್ನು ಒಂದೆರಡು ನಿಮಿಷ ಬಾಗಿಲ ಹೊರಗೆ ಕರೆಸುತ್ತೇನೆ. ನಾನು ಹಿಂದಿನ ಮೂಲೆಯಲ್ಲೇ ಕೂತಿರುತ್ತೇನೆ. ಮಕ್ಕಳು ಆಗ ಏನು ಮಾಡುತ್ತಾರೆ? ಕುರ್ಟ್ ಲೆವಿನ್, ಲಿಪ್ಪಿಟ್ ಮತ್ತು ವೈಟ್ 1939ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳಿದ್ದವು. ಬರೀ ಅಪ್ಪಣೆ ಕೊಡುವ ನಾಯಕ ಹೊರಗೆ ಹೋದರೆ ಕೆಲಸ ಬಿದ್ದುಹೋಗುತ್ತಿತ್ತು. ಗುಂಪಿನ ಜೊತೆ ಕೂಡಿ ತೀರ್ಮಾನ ಮಾಡುವ ನಾಯಕ ಇದ್ದಲ್ಲಿ ಅವನು ಹೊರಗೆ ಹೋದರೂ ಕೆಲಸ ನಡೆಯುತ್ತಿತ್ತು. ಏನನ್ನೂ ಹೇಳದೆ ಬಿಟ್ಟುಬಿಡುವ ನಾಯಕನೂ ಆ ಅಧ್ಯಯನದಲ್ಲಿದ್ದ ಅನ್ನುವುದನ್ನು ನನ್ನ ವಿದ್ಯಾರ್ಥಿಗಳು ಮರೆಯುತ್ತಾರೆ. ಕೋಲು ಬಿಟ್ಟರೆ ಸಾಕು, ಒಳ್ಳೆಯ ವಾತಾವರಣ ಬಂತು ಅಂದುಕೊಳ್ಳುತ್ತಾರೆ. ಕೋಲು ಬಿಡಲೇಬೇಕು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಕೋಲು ಹೋದ ಜಾಗಕ್ಕೆ ಏನು ಬರಬೇಕು ಅನ್ನುವುದೇ ನಮ್ಮ ಕೆಲಸ, ಅಲ್ವಾ? ಪ್ರತಿ ಕೆಲಸದ ಮೊದಲು ಮಕ್ಕಳಿಗೆ ಏನು ಮಾಡಬೇಕು, ಮುಗಿದ ಮೇಲೆ ಏನು, ತಿಳಿಯದಿದ್ದರೆ ಯಾರನ್ನು ಕೇಳಬೇಕು ಅನ್ನುವುದು ಗೊತ್ತಿರಬೇಕು.

ಇದು ನಮ್ಮ ಸರ್ಕಾರಿ ಶಾಲೆಗಳ ಕೆಳ ತರಗತಿಗಳ ನಲಿ-ಕಲಿಯಲ್ಲಿ ಮೊದಲಿಂದಲೂ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ ಕಟ್ಟಿದ್ದು. ಮಕ್ಕಳು ಕೂರುವ ತಟ್ಟೆಗಳನ್ನು, ಅಂದರೆ ಗುಂಪುಗಳನ್ನು, ನೆನಪಿಸಿಕೊಳ್ಳಿ: ಶಿಕ್ಷಕರ ಪೂರ್ಣ ಸಹಾಯ, ಭಾಗಶಃ ಸಹಾಯ, ಗೆಳೆಯರ ಸಹಾಯ, ಕೊನೆಗೆ ಸ್ವಕಲಿಕೆ. ವೈಗೋಟ್‌ಸ್ಕಿಯ 'ಸಮೀಪಸ್ಥ ವಿಕಾಸ ವಲಯ' ಅಂತ ಕಷ್ಟಪಟ್ಟು ಬಾಯಿಪಾಠ ಮಾಡುವವರನ್ನು ನಾನು ಈ ತಟ್ಟೆಗಳ ಹತ್ತಿರ ಕೂರಿಸುತ್ತೇನೆ. ಇಂದು ಇನ್ನೊಬ್ಬರ ಸಹಾಯದಿಂದ ಮಾಡುವುದನ್ನು ನಾಳೆ ಮಗು ತಾನೊಂದೇ ಮಾಡುತ್ತದೆ ಅನ್ನುವುದು ಅಲ್ಲಿ ನೆಲದ ಮೇಲೆಯೇ ಕಾಣುತ್ತದೆ. ಒಂದು ಕೆಲಸ ಮಾತ್ರ ಕೊಡುತ್ತೇನೆ: ಒಂದು ಮಗುವನ್ನು ಆರಿಸಿಕೊಂಡು, ಅದು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಯಾವಾಗ, ಯಾವ ಕಾರಣಕ್ಕೆ ಹೋಯಿತು ಅಂತ ಬರೆಯಿರಿ. ಚಟುವಟಿಕೆಯ ಕಾರ್ಡು ಮುಗಿಯಿತು ಅಂತ ಹೋಯಿತಾ, ಕಲಿತು ಹೋಯಿತಾ?

ಭಾಷೆಯ ಮಾತು ಹೇಳದಿದ್ದರೆ ನಮ್ಮ ಭಾಗದ ಚಿತ್ರ ಅರ್ಧ. ತಾಂಡಾದಿಂದ ಬರುವ ಮಕ್ಕಳ ಮನೆ ಮಾತು ಲಂಬಾಣಿ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಅಪ್ಪ ಅಮ್ಮನ ಜೊತೆ ತಿಂಗಳುಗಟ್ಟಲೆ ಹೋಗಿ ಬರುವ ಮಕ್ಕಳೂ ಇದ್ದಾರೆ. ಇಂಥ ಮಗು ಸುಮ್ಮನೆ ಕೂತರೆ 'ನಿಧಾನ ಕಲಿಕೆ' ಅಂತ ಬರೆಯುವುದು ಸುಲಭ. ನನ್ನ ವಿದ್ಯಾರ್ಥಿಗಳು ಮೊದಲು ಮಗುವಿನಿಂದಲೇ ಯಾಡಿ (ಅಮ್ಮ), ಬಾಟಿ (ರೊಟ್ಟಿ), ಪಾಣಿ (ನೀರು) ಅಂತ ಒಂದಷ್ಟು ಪದ ಕಲಿಯಬೇಕು. ಆಮೇಲೆ ಮಕ್ಕಳು ಜೋಡಿಯಾಗಿ ತಮ್ಮ ಮಾತಿನಲ್ಲೇ ಚರ್ಚಿಸಿ, ಉತ್ತರವನ್ನು ಕನ್ನಡದಲ್ಲಿ ಹೇಳಲಿ. ಸುಮ್ಮನಿದ್ದ ಮಗು ಜೋಡಿಯಲ್ಲಿ ಮಾತಾಡಿದ ದಿನ ಅದರ ಹಾಳೆಯಲ್ಲಿ ಹಿಂದೆ ಬರೆದ ಷರಾವನ್ನು ಹೊಡೆದು ಹಾಕಿಸುತ್ತೇನೆ.

ಈಗ ನಮ್ಮ ಪಾಠ ಯೋಜನೆಯ ಕೊನೆಯಲ್ಲಿ ಒಂದು ಕಾಲಂ ಸೇರಿಸಿದ್ದೇವೆ: ಇಂದು ಕೇಳಿದ ತಪ್ಪು ಉತ್ತರ, ಮಗು ಹಾಗೆ ಯಾಕೆ ಯೋಚಿಸಿರಬಹುದು. ಪಿಯಾಜೆಯೂ ಶುರು ಮಾಡಿದ್ದು ಇಲ್ಲಿಂದಲೇ. ಪ್ಯಾರಿಸ್‌ನಲ್ಲಿ ಮಕ್ಕಳಿಗೆ ಬುದ್ಧಿ ಪರೀಕ್ಷೆ ಕೊಡುವ ಕೆಲಸದಲ್ಲಿದ್ದಾಗ ಅವರನ್ನು ಹಿಡಿದು ನಿಲ್ಲಿಸಿದ್ದು ಮಕ್ಕಳ ತಪ್ಪು ಉತ್ತರಗಳು. ನಮ್ಮಲ್ಲಿ ಜಾಸ್ತಿ ಸಿಗುವುದು 32ರಲ್ಲಿ 17 ಕಳೆದರೆ 25 ಅನ್ನುವಂಥದ್ದು. "ಗಮನ ಕೊಟ್ಟಿಲ್ಲ" ಅಂತ ಬರೆದರೆ ಆ ಕಾಲಂ ನಾನು ವಾಪಸ್ ಕೊಡುತ್ತೇನೆ. ಮಗುವನ್ನೇ ಕೇಳಿ ಬಂದವರು ಬರೆಯುತ್ತಾರೆ: 2ರಲ್ಲಿ 7 ಹೋಗುವುದಿಲ್ಲ, ಅದಕ್ಕೆ 7ರಲ್ಲಿ 2 ಕಳೆದಿದ್ದಾನೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ನಾವೇ ಹೇಳಿಕೊಟ್ಟಿದ್ದೆವು. ಅಂಥವರಿಗೆ ಮರುದಿನದ ಪಾಠ ಎಲ್ಲಿಂದ ಶುರು ಮಾಡಬೇಕು ಅಂತ ನಾನು ಹೇಳಬೇಕಾಗುವುದಿಲ್ಲ. ಹತ್ತು ಹತ್ತರ ಕಡ್ಡಿ ಕಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡೇ ಹೊರಟಿರುತ್ತಾರೆ.