ನೆಲಗಡಲೆಗೆ ಕೊನೆಯ ನೀರು ತಪ್ಪಿಸಬೇಡಿ

ಕೋಟದ ಹತ್ತಿರ ನಮ್ಮದು ಒಂದೆಕರೆ ಮರಳು ಮಣ್ಣಿನ ಗದ್ದೆ. ಭತ್ತ ಕೊಯ್ದ ಮೇಲೆ ಡಿಸೆಂಬರಿನಲ್ಲಿ ನೆಲಗಡಲೆ ಹಾಕುತ್ತೇವೆ. ಐದು ವರ್ಷದ ಹಿಂದೆ ಮಾರ್ಚ್ ಮಧ್ಯದಲ್ಲಿ ಪಂಪ್ ಕೆಟ್ಟಿತು. ಕಾಯಿ ಕಟ್ಟಿ ಆಗಿದೆ, ಇನ್ನು ನೀರು ಯಾಕೆ ಎಂದು ನಾನೂ ಸುಮ್ಮನಾದೆ. ಹದಿನೆಂಟು ದಿನ ಗದ್ದೆ ಒಣಗಿತು. ಬರಿಗಾಲು ಇಡಲಾಗದಷ್ಟು ಮರಳು ಕಾದಿತ್ತು. ಕಿತ್ತ ರಾತ್ರಿಯೇ ಮಳೆ ಬಂತು. ಗಿಡ ಸಮೇತ ರಾಶಿ ಹಾಕಿ ಟಾರ್ಪಾಲು ಮುಚ್ಚಿದೆವು. ಮೂರನೇ ದಿನ ಕೈ ಹಾಕಿದರೆ ರಾಶಿಯೊಳಗೆ ಬಿಸಿ. ಕಾಯಿ ಒಡೆದರೆ ಬೀಜದ ಮೇಲೆ ಹಳದಿ ಹಸಿರು ಬೂಸ್ಟು.

"ಹುರಿದ್ರೆ ಎಲ್ಲಾ ಹೋಗ್ತದೆ ಮಗಾ, ಬಿಸಾಡ್ಬೇಡ" ಎಂದರು ಅತ್ತೆ. ಹೋಗುವುದಿಲ್ಲ. ಈ ಬಣ್ಣದ ಬೂಸ್ಟು ಹೆಚ್ಚಾಗಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ. ಅದು ಬಿಡುವ ಅಫ್ಲಾಟಾಕ್ಸಿನ್ ವಿಷ ಹುರಿದರೂ ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಲಿವರ್ ಕ್ಯಾನ್ಸರ್ ತರುವ ವಿಷ ಅದು. 1960ರಲ್ಲಿ ಇಂಗ್ಲೆಂಡಿನಲ್ಲಿ ನೆಲಗಡಲೆ ಹಿಂಡಿ ತಿಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತ ಮೇಲೆಯೇ ಇದು ಪತ್ತೆಯಾದದ್ದು. ದನಕ್ಕೆ ಹಾಕೋಣ ಎಂದರೆ ಹಾಲಿಗೂ ಬರುತ್ತದೆ. ಮನೆಯಲ್ಲಿ ಆಗ ಎರಡು ವರ್ಷದ ಮಗು ಇತ್ತು. ಹೊಂಡ ತೋಡಿ ಮೂರು ಮೂಟೆ ಹೂತೆವು. ಹೊಟ್ಟೆ ಉರಿಯಿತು, ಆದರೆ ಬೇರೆ ದಾರಿ ಇರಲಿಲ್ಲ.

ಬೂಸ್ಟು ಅಂಗಳದಲ್ಲಿ ಹುಟ್ಟುತ್ತದೆ ಎಂದುಕೊಂಡಿದ್ದೆ. ಅದು ಗದ್ದೆಯ ಮಣ್ಣಲ್ಲೇ ಇರುತ್ತದೆ. ಬಾಯಾರಿದ ಗಿಡಕ್ಕೆ ಅದನ್ನು ತಡೆಯುವ ಶಕ್ತಿ ಇಲ್ಲ. ಹಾಗಾಗಿ ಈಗ ಕೊನೆಯ ಮೂರು ನಾಲ್ಕು ವಾರ ಏನೇ ಆದರೂ ಮಣ್ಣು ಪೂರ್ತಿ ಒಣಗಲು ಬಿಡುವುದಿಲ್ಲ. ಪಂಪ್ ಕೆಟ್ಟರೆ ಪಕ್ಕದವರ ಬಾವಿಯಿಂದ ಪೈಪ್ ಎಳೆಯುತ್ತೇನೆ. ಬಿತ್ತುವ ಮೊದಲು ಹಟ್ಟಿಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸುತ್ತೇನೆ, ಅದು ಕೆಟ್ಟ ಬೂಸ್ಟನ್ನು ತಡೆಯುವ ಒಳ್ಳೆಯ ಶಿಲೀಂಧ್ರ. ಹೂ ಬಿಡುವಾಗ ಎಕರೆಗೆ 200 ಕೆ.ಜಿ. ಜಿಪ್ಸಮ್ ಹಾಕುತ್ತೇನೆ, ಸಿಪ್ಪೆ ಗಟ್ಟಿಯಾಗುತ್ತದೆ. ಕಳೆ ತೆಗೆಯುವಾಗ ಕತ್ತಿ ಕಾಯಿಗೆ ತಾಗಬಾರದು. ಗಾಯವಾದ ಕಾಯಿಗೆ ಬೂಸ್ಟು ಬೇಗ ನುಗ್ಗುತ್ತದೆ.

ಕಿತ್ತ ಗಿಡವನ್ನು ತಲೆಕೆಳಗಾಗಿ ಇಡುತ್ತೇವೆ, ಕಾಯಿ ಮೇಲೆ, ಸೊಪ್ಪು ಕೆಳಗೆ. ಗಾಳಿ ಆಡುತ್ತದೆ ಅಲ್ವಾ. ಮೋಡ ಕಂಡರೆ ರಾಶಿ ಹಾಕುವುದಿಲ್ಲ, ಜಗಲಿಯಲ್ಲಿ ತೆಳ್ಳಗೆ ಹರಡುತ್ತೇವೆ. ತೇವ 8 ಪರ್ಸೆಂಟಿಗಿಂತ ಕೆಳಗೆ ಬರಬೇಕು. ಮೀಟರ್ ನಮ್ಮಲ್ಲಿಲ್ಲ. ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸುತ್ತೇನೆ. ಬೀಜ ಗಲಗಲ ಅನ್ನಬೇಕು. ಆಮೇಲೂ ಎರಡು ಬಿಸಿಲು ಜಾಸ್ತಿ ಕೊಟ್ಟು ಗೋಣಿಗೆ ತುಂಬಿ ಹಲಗೆ ಮೇಲೆ ಇಡುತ್ತೇನೆ. ಸುಕ್ಕಿದ್ದು, ಬಣ್ಣ ಕೆಟ್ಟದ್ದು, ತೂತು ಬಿದ್ದದ್ದನ್ನು ಈಗ ಅತ್ತೆಯೇ ಕೂತು ಆರಿಸುತ್ತಾರೆ.