ಪಂಚವೀಸ್ ಅಂದರೆ 52

ಪುಣೆಯ ವಾಕಡ್ ಹತ್ತಿರ, ಕಟ್ಟಡದ ಕೂಲಿಯವರ ಪತ್ರಾ ಶೆಡ್ಡಿನಲ್ಲಿ ಪಾಠ ಶುರು ಮಾಡಿದಾಗ ನನಗೆ ಧೈರ್ಯ ಸ್ವಲ್ಪ ಜಾಸ್ತಿಯೇ ಇತ್ತು. ಮಕ್ಕಳೆಲ್ಲ ಯಾದಗಿರಿ, ಕಲಬುರಗಿ ಕಡೆಯವರು. ನಾನು ಧಾರವಾಡದವಳು, ಮದುವೆಯಾಗಿ ಇಲ್ಲಿಗೆ ಬಂದವಳು, ಮರಾಠಿಯೂ ಬರುತ್ತದೆ. ಕನ್ನಡದಲ್ಲಿ ತಿಳಿಸಿ ಮರಾಠಿಗೆ ದಾಟಿಸಿದರೆ ಆಯ್ತು, ಅಲ್ವಾ?

ಮೊದಲ ವಾರವೇ ಎಡವಿದೆ. ಮರಾಠಿ ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಹೋಗುವ ಹುಡುಗಿಗೆ ‘ಪಂಚವೀಸ್’ ಬರಿ ಅಂದೆ, ಮರಾಠಿಯಲ್ಲಿ ಇಪ್ಪತ್ತೈದು. 52 ಬರೆದಳು. ಶಾಲೆಯ ವಹಿಯಲ್ಲೂ ಅದೇ, ಮೇಲೆ ಕೆಂಪು ಗೀಟು.

"ಅಕ್ಕೋರ, ಪಂಚ ಮೊದಲ ಬಂತಲ್ರೀ, ಅದಕ್ಕ ಐದು ಮೊದಲ ಬರದೀನ್ರಿ."

ಅವಳ ಲೆಕ್ಕ ಸರಿಯೇ. ಕನ್ನಡದಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ, ಬರೆಯೋದೂ ಹಾಗೇ. ಮರಾಠಿಯಲ್ಲಿ ಬಾಯಿ ಒಂದು ಕಡೆ, ಕೈ ಇನ್ನೊಂದು ಕಡೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿ ಗಣಿತದ ಪುಸ್ತಕದಲ್ಲಿ ‘ವೀಸ್ ಪಾಚ್’, ಅಂದರೆ ಇಪ್ಪತ್ತು ಐದು, ಅಂತ ಓದುವ ಕ್ರಮ ಬಂತು, ಆ ಪುಸ್ತಕದ ಸಮಿತಿಗೆ ಗಣಿತಜ್ಞೆ ಮಂಗಲಾ ನಾರಳೀಕರ್ ಅಧ್ಯಕ್ಷರು. ಎಷ್ಟು ಗೇಲಿ, ಎಷ್ಟು ಗಲಾಟೆ! ನಾನೂ ವಾಟ್ಸಾಪ್ ಜೋಕ್ ಮುಂದಕ್ಕೆ ಕಳಿಸಿದವಳೇ. ಈ ವಹಿ ನೋಡಿದ ಮೇಲೆ ನಾಚಿಕೆಯಾಯಿತು.

ಪೊರಕೆ ಕಡ್ಡಿ ಮುರಿದು ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದೆವು. ಎರಡು ಕಟ್ಟು, ಐದು ಬಿಡಿ ಕಡ್ಡಿ. ಮೊದಲು ಕನ್ನಡದಲ್ಲಿ ಹೇಳೋದು, ಆಮೇಲೆ ಬರೆಯೋದು, ಕೊನೆಗೆ ಮರಾಠಿ ಹೆಸರು. ಹೆಸರು ಮೊದಲು ಹೇಳಿದ ದಿನವೆಲ್ಲ ಮತ್ತೆ 52.

ಇನ್ನೊಂದು ತಪ್ಪು ಗೊತ್ತಾಗೋಕೆ ತಿಂಗಳೇ ಬೇಕಾಯಿತು. ಒಂದು ಮಧ್ಯಾಹ್ನ ಅದೇ ಹುಡುಗಿ ಬಾಗಿಲಲ್ಲಿ ನಿಂತು "ಯಾಡೀ" ಅಂತ ಅಮ್ಮನನ್ನು ಕೂಗಿದಳು. ಇವಳು ತಾಂಡಾದವಳು, ಮನೆಯಲ್ಲಿ ಲಮಾಣಿ, ಅಂದರೆ ಲಂಬಾಣಿ ಮಾತು! ಕೇಳಿ ನೋಡಿದರೆ ಅರ್ಧ ಮಕ್ಕಳು ಹಾಗೇ. ನಾನು ‘ನೀರು ಅಂದರೆ ಪಾಣಿ’ ಅಂತ ಗಂಟಲು ಹರಿದುಕೊಂಡು ಮರಾಠಿ ಕಲಿಸುತ್ತಿದ್ದೆ. ಅವರ ಮನೆಯಲ್ಲೂ ಅದು ಪಾಣಿಯೇ. ಸುಮ್ನೆ ಸುತ್ತಿ ಬಳಸಿ ಕರೆದುಕೊಂಡು ಹೋಗಿದ್ದೆ ಅಷ್ಟೇ. ಆದರೆ ಲೆಕ್ಕ ಮಾತ್ರ ಅವರು ಊರಿನ ಅಂಗನವಾಡಿಯಲ್ಲಿ ಕನ್ನಡದಲ್ಲೇ ಕಲಿತಿದ್ದರು. ಹಾಗಾಗಿ ಕಡ್ಡಿ ಎಣಿಸೋಕೆ ಕನ್ನಡ, ಕಥೆ ಹೇಳೋಕೆ ಲಮಾಣಿ. ಕಥೆ ಅವರು ಹೇಳುತ್ತಾರೆ, ನಾನು ಕೇಳುತ್ತೇನೆ, ನನಗೆ ಬರಲ್ಲವಲ್ಲ.

ಇದಕ್ಕೂ ಮೊದಲು ಮೂರು ದಿನದ ತರಬೇತಿಗೆ ಹೋಗಿದ್ದೆ. 2020ರ ಶಿಕ್ಷಣ ನೀತಿ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತು, ಮಾತೃಭಾಷೆ, ಸ್ಥಳೀಯ ಭಾಷೆ ಅಥವಾ ಪ್ರಾದೇಶಿಕ ಭಾಷೆಯಲ್ಲಿ ಕಲಿಸಬೇಕು ಅನ್ನುತ್ತದೆ. ತರಬೇತಿಯಲ್ಲಿ ಆ ಸಾಲನ್ನು ಪರದೆ ಮೇಲೆ ತೋರಿಸಿದರು, ಎಲ್ಲರೂ ಬರೆದುಕೊಂಡೆವು, ಚಹಾ ಬಂತು. ಈ ಹುಡುಗಿಗೆ ಮನೆಯಲ್ಲಿ ಲಮಾಣಿ, ಊರಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸೈಟಿನಲ್ಲಿ ಹಿಂದಿ. ಸೋಮವಾರ ಬೆಳಿಗ್ಗೆ ಯಾವುದನ್ನು ಯಾವುದಕ್ಕೆ ಹಿಡಿಯಬೇಕು ಅನ್ನೋದನ್ನು ಆ ಮೂರು ದಿನದಲ್ಲಿ ಒಂದು ಗಂಟೆ ಕೂತು ಮಾಡಿಸಿದ್ದರೆ ನನ್ನ ಒಂದು ತಿಂಗಳು ಉಳಿಯುತ್ತಿತ್ತು.

ದೀಪಾವಳಿಗೆ ಊರಿಗೆ ಹೋದವರಲ್ಲಿ ಕೆಲವರು ವಾಪಸ್ ಬರಲಿಲ್ಲ. ಈಗ ಹೊರಡುವ ಮಗುವಿನ ಚೀಲದಲ್ಲಿ ಒಂದು ಹಾಳೆ ಇಡುತ್ತೇನೆ. ಏನು ಬರುತ್ತದೆ, ಎಲ್ಲಿ ನಿಂತಿದೆ, ಕನ್ನಡದಲ್ಲೇ, ಅಲ್ಲಿನ ಟೀಚರಿಗೆ.

ಆ ಹುಡುಗಿ ಬಂದಳು. ಮೊನ್ನೆ ‘ಏಕೋಣತೀಸ್’ಗೆ ಬಂದಿದ್ದೆವು, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಎರಡು ಕಟ್ಟು, ಒಂಬತ್ತು ಕಡ್ಡಿ ಅಂತ ನಾನು ಬಾಯಿ ತೆರೆಯೋ ಮೊದಲೇ ಅವಳು ಮೂರು ಕಟ್ಟು ಇಟ್ಟು, ಒಂದರಿಂದ ಒಂದು ಕಡ್ಡಿ ಎಳೆದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.